ಹಿಗ್ಗುವ ಅಂತರಿಕ್ಷ ವಸತಿ: ಹೈದರಾಬಾದಿನ ಬೆಲೂನುಗಳ ಹಿನ್ನೆಲೆಯಲ್ಲಿ

ಮಡಿಚಿ ಒಯ್ದು ಅಂತರಿಕ್ಷದಲ್ಲಿ ಅರಳಿಸಿ ಬಾಡಿಗೆಗೆ ಕೊಡಬಹುದಾದ ವಸತಿಯ ಕಲ್ಪನೆಯು ನಿಲ್ಲುವುದು ಅದರ ಹೊದಿಕೆಯ ಪರೀಕ್ಷೆಯ ಮೇಲೆ. ತೆಳುಹೊದಿಕೆಯ ಕಷ್ಟ ಹೈದರಾಬಾದಿಗೆ ಹೊಸತಲ್ಲ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಅಲ್ಲಿನ ಕೇಂದ್ರವು ಪಾಲಿಥಿಲೀನ್ ಬೆಲೂನುಗಳನ್ನು ತಾನೇ ತಯಾರಿಸಿ ಹಾರಿಸುತ್ತದೆ. ಉಷ್ಣವಲಯದಲ್ಲಿ ಸುಮಾರು 17 ಕಿ.ಮೀ. ಎತ್ತರದ ಉಷ್ಣತೆಯು ಸೊನ್ನೆಗಿಂತ 80 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿರುತ್ತದೆ. ಆ ಚಳಿಯಲ್ಲಿ ಹಲವು ಬಗೆಯ ಹಾಳೆಗಳು ಪೆಡಸಾಗಿ ಸೀಳುತ್ತವೆ. ಚಳಿಯನ್ನು ತಾಳುವ ಹಾಳೆಯನ್ನು ಆರಿಸಿಕೊಳ್ಳದೆ ಗತ್ಯಂತರವಿಲ್ಲ.

ಆದರೆ ಹೋಲಿಕೆಗೆ ಮಿತಿಯಿದೆ. ಈ ಬೆಲೂನಿನ ಒಳ ಹೊರ ಒತ್ತಡಗಳು ಹೆಚ್ಚುಕಡಿಮೆ ಸಮನಾಗಿರುತ್ತವೆ. ವಸತಿಯ ಗೋಡೆಯಾದರೋ ನಿರ್ವಾತದ ಎದುರು ಉಸಿರಾಟಕ್ಕೆ ಬೇಕಾದ ಒತ್ತಡವನ್ನು ವರ್ಷಗಟ್ಟಲೆ ತಡೆದಿರಬೇಕು. ‘ಉಬ್ಬುವ’ ಎನ್ನುವುದಕ್ಕಿಂತ ‘ಹಿಗ್ಗುವ’ ಎಂಬ ಮಾತು ಇಲ್ಲಿ ಹೆಚ್ಚು ಒಪ್ಪುತ್ತದೆಂದು ನನ್ನ ಎಣಿಕೆ. ಬಿಗೆಲೋ ಎಂಬ ಖಾಸಗಿ ಸಂಸ್ಥೆ ನಿರ್ಮಿಸಿದ ‘ಬೀಮ್’ ಕೋಣೆಯನ್ನು 2016ರ ಮೇ 26ರಂದು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ತೆರೆಯಹೊರಟಾಗ ಅದು ತುಸುವಷ್ಟೇ ಹಿಗ್ಗಿ ನಿಂತಿತು. ಬಹುಕಾಲ ಮಡಿಚಿಟ್ಟಿದ್ದ ಪದರಗಳು ಬಿಗಿದುಕೊಂಡಿರಬೇಕೆಂದು ತರ್ಕಿಸಲಾಯಿತು. 28ರಂದು ಗಾಳಿಯನ್ನು ತುಸುತುಸುವೇ ಬಿಟ್ಟ ಮೇಲೆ ಅರಳಿತು. ಎರಡು ವರ್ಷಗಳ ಪರೀಕ್ಷೆಗೆಂದು ಕಟ್ಟಿದ ಆ ಕೋಣೆ ಬಳಿಕವೂ ಉಗ್ರಾಣವಾಗಿ ಬಳಕೆಯಲ್ಲಿ ಉಳಿಯಿತು. ಕಟ್ಟಿದ ಸಂಸ್ಥೆಯು 2020ರಲ್ಲಿ ತನ್ನ ನೌಕರರನ್ನೆಲ್ಲ ಕೆಲಸದಿಂದ ಬಿಡಿಸಿತು.