ಮನೆ ಭಾಷೆ ಉಳಿಯಬೇಕಾದರೆ ಭಾಷಾಶಾಸ್ತ್ರ ಓದುವವರೂ ಬೇಕು

ಬಾಯಾರುಪದವಿನ ಯಾವುದಾದರೂ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ತುಳು, ಕನ್ನಡ, ಮಲಯಾಳ, ಬ್ಯಾರಿ ಎಲ್ಲವೂ ಕಿವಿಗೆ ಬೀಳುತ್ತವೆ. ಸುತ್ತಮುತ್ತಲಿನ ಮನೆಗಳೊಳಗೆ ಹವ್ಯಕ ಕನ್ನಡ ಇದೆ, ಮರಾಠಿ ಇದೆ. ಮಂಜೇಶ್ವರ ತಾಲೂಕಿನ ಕೊರಗ ಕುಟುಂಬಗಳಿಗೆ ತಮ್ಮದೇ ಆದ ಕೊರಗ ಭಾಷೆಯಿದೆ. ಇಲ್ಲಿನ ಮಕ್ಕಳಿಗೆ ಮೂರು ನಾಲ್ಕು ಭಾಷೆ ಬರುವುದು ದೊಡ್ಡ ಸಂಗತಿಯೇ ಅಲ್ಲ. ಆದರೆ ಪ್ಲಸ್ ಟು ಮುಗಿದ ಮೇಲೆ ಮುಂದೇನು ಎಂಬ ಮಾತು ಬಂದಾಗ, ಭಾಷಾಶಾಸ್ತ್ರ ಅಂತ ಒಂದು ವಿಷಯ ಇದೆ ಎಂಬುದೇ ಹೆಚ್ಚಿನವರಿಗೆ ನೆನಪಾಗುವುದಿಲ್ಲ.

ಏನಿದು ಭಾಷಾಶಾಸ್ತ್ರ?

ಇದು ಹತ್ತು ಭಾಷೆ ಕಲಿಯುವ ಕೋರ್ಸ್ ಅಲ್ಲ. ಒಂದು ಭಾಷೆ ಹೇಗೆ ಕೆಲಸ ಮಾಡುತ್ತದೆ, ಅದರ ಧ್ವನಿಗಳು ಯಾವುವು, ವಾಕ್ಯ ಹೇಗೆ ಕಟ್ಟುತ್ತದೆ, ಪಕ್ಕದ ಭಾಷೆಗೂ ಅದಕ್ಕೂ ಏನು ಸಂಬಂಧ ಎಂದು ಬಿಡಿಸಿ ನೋಡುವ ಶಾಸ್ತ್ರ.

ಬ್ಯಾರಿಯನ್ನೇ ತೆಗೆದುಕೊಳ್ಳಿ. 'ಅದು ಕೆಟ್ಟ ಮಲಯಾಳ' ಎಂಬ ಗೇಲಿ ಕೇಳಿ ಎಷ್ಟೋ ಮಕ್ಕಳು ಶಾಲೆಯಲ್ಲಿ ಮನೆ ಭಾಷೆ ಆಡಲು ನಾಚಿಕೊಳ್ಳುತ್ತಾರೆ. ಭಾಷಾಶಾಸ್ತ್ರ ಓದಿದವರ ಉತ್ತರ ಬೇರೆಯೇ. ಮಲಯಾಳದಲ್ಲಿ 'ವ'ದಿಂದ ಶುರುವಾಗುವ ಪದ ಬ್ಯಾರಿಯಲ್ಲಿ 'ಬ' ಆಗುತ್ತದೆ. 'ವಿತ್ತ್' ಹೋಗಿ 'ಬಿತ್ತ್'. ಕೊನೆಯ 'ಅ' ಹೋಗಿ 'ಎ' ಬರುತ್ತದೆ. 'ತಲ' ಇದ್ದದ್ದು 'ತಲೆ'. ಇದು ಒಬ್ಬಿಬ್ಬರ ತಪ್ಪು ಉಚ್ಚಾರವಲ್ಲ, ತುಳು ಕನ್ನಡಗಳ ನೆರೆಯಲ್ಲಿ ಬೆಳೆದ ನಿಯಮ. ಇನ್ನು ಕನ್ನಡದಲ್ಲಿ 'ನಾನು ಬಂದೆ', 'ಅವನು ಬಂದ' ಎಂದು ಕ್ರಿಯಾಪದ ಬದಲಾಗುತ್ತದೆ. ಬ್ಯಾರಿಯಲ್ಲಿ ಯಾರು ಬಂದರೂ ಕ್ರಿಯಾಪದ ಒಂದೇ, ಮಲಯಾಳದ ಹಾಗೆ. ನಿಯಮ ಇರುವ ಮಾತು ಕೆಟ್ಟ ಮಾತು ಹೇಗಾದೀತು?

ಭಾಷೆ ಸಾಯುವುದು ಹೇಗೆ?

ಭಾಷೆ ಒಂದೇ ದಿನ ಸಾಯುವುದಿಲ್ಲ. ಅಜ್ಜಿಗೆ ಪೂರ್ತಿ ಬರುತ್ತದೆ, ಉಮ್ಮನಿಗೆ ಅರ್ಧ, ಮಗುವಿಗೆ ಕೇಳಿದರೆ ಮಾತ್ರ ಅರ್ಥವಾಗುತ್ತದೆ. ಅದರ ಮುಂದಿನ ಮಗುವಿಗೆ ಅದೂ ಇಲ್ಲ. 2010ರ ಜನವರಿಯಲ್ಲಿ ಅಂಡಮಾನಿನಲ್ಲಿ ಬೋವಾ ಸೀನಿಯರ್ ಎಂಬ ವೃದ್ಧೆ ತೀರಿಕೊಂಡಾಗ 'ಬೋ' ಭಾಷೆ ಬಲ್ಲ ಕೊನೆಯ ಜೀವವೂ ಹೋಯಿತು. ಭಾಷಾಶಾಸ್ತ್ರಜ್ಞೆ ಅನ್ವಿತಾ ಅಬ್ಬಿ ಅದಕ್ಕೆ ಮೊದಲೇ ಆಕೆಯ ಜೊತೆ ಕೂತು ಮಾತು, ಹಾಡುಗಳನ್ನು ರೆಕಾರ್ಡ್ ಮಾಡಿದ್ದರಿಂದ ಆ ದನಿ ಇಂದಿಗೂ ಕೇಳಲು ಸಿಗುತ್ತದೆ.

ಈ ಅಪಾಯ ದೂರದ ದ್ವೀಪಕ್ಕೆ ಮಾತ್ರ ಸೀಮಿತವಲ್ಲ. 2011ರ ಜನಗಣತಿಯಂತೆ ಕರ್ನಾಟಕ ಮತ್ತು ಕೇರಳ ಸೇರಿ ಕೊರಗರ ಸಂಖ್ಯೆ ಸುಮಾರು 16 ಸಾವಿರ. ಕೇರಳದಲ್ಲಿ ಎರಡು ಸಾವಿರವೂ ಇಲ್ಲ. ಅವರಲ್ಲಿ ಅನೇಕರ ದಿನದ ಮಾತು ಈಗ ತುಳು ಅಥವಾ ಕನ್ನಡ. ಯುನೆಸ್ಕೋದ ಅಪಾಯದಂಚಿನ ಭಾಷೆಗಳ ಪಟ್ಟಿಯಲ್ಲಿ ಕೊರಗ ಭಾಷೆ ಇದೆ, ತುಳುವೂ ಇದೆ.

ದಾರಿ ತೋರಿದವರು

ಡಿ.ಎನ್. ಶಂಕರ ಭಟ್ಟರು ಕೊರಗ ಭಾಷೆಯ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 1971ರಲ್ಲೇ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂತು. ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟು ತಂದಿತು. ಅವರ ಪತ್ನಿ ಡಾ. ಸುಶೀಲಾ ಉಪಾಧ್ಯಾಯರು ಬ್ಯಾರಿ ಭಾಷೆಯನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು. 2007ರಲ್ಲಿ ಕರ್ನಾಟಕದಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಹುಟ್ಟಿತು. ಆದರೆ ಗಮನಿಸಬೇಕಾದ್ದು, ಬ್ಯಾರಿಯ ವ್ಯಾಕರಣವನ್ನು ಶಾಸ್ತ್ರೀಯವಾಗಿ ಮೊದಮೊದಲು ಬಿಡಿಸಿ ನೋಡಿದವರು ಹೊರಗಿನಿಂದ ಬಂದು ಕಲಿತವರು. ಹುಟ್ಟಿನಿಂದಲೇ ಆ ಭಾಷೆ ಬಲ್ಲ ಮಕ್ಕಳು ಇದನ್ನು ಓದಿದರೆ ಇನ್ನೆಷ್ಟು ಆಳಕ್ಕೆ ಹೋಗಬಹುದು!

ಎಲ್ಲಿ ಓದಬಹುದು?

ದೂರ ಹೋಗಬೇಕಿಲ್ಲ. ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೇ ಭಾಷಾಶಾಸ್ತ್ರ ವಿಭಾಗವಿದೆ. ಸ್ನಾತಕೋತ್ತರ ಪದವಿಗೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ, ಹೈದರಾಬಾದ್ ವಿಶ್ವವಿದ್ಯಾಲಯ, ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯ, ಅಣ್ಣಾಮಲೈ ವಿಶ್ವವಿದ್ಯಾಲಯಗಳಲ್ಲೂ ಅವಕಾಶವಿದೆ.

ಕೆಲಸ? ಡಾಕ್ಟರ್, ಎಂಜಿನಿಯರ್‌ಗಳಷ್ಟು ಹುದ್ದೆಗಳು ಇಲ್ಲಿಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಯುಜಿಸಿ ನೆಟ್ ಬರೆದು ಅಧ್ಯಾಪಕರಾಗಬಹುದು, ಜೆಆರ್‌ಎಫ್ ಸಿಕ್ಕಿದರೆ ಸ್ಟೈಪೆಂಡ್ ಪಡೆದು ಸಂಶೋಧನೆ ಮಾಡಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 10 ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳ ದಾಖಲೀಕರಣಕ್ಕೆ 2013ರಿಂದ ಯೋಜನೆ ನಡೆಸುತ್ತಿದೆ. ಮೊಬೈಲಿಗೆ, ಕಂಪ್ಯೂಟರಿಗೆ ಭಾಷೆ ಕಲಿಸುವ ಕಂಪೆನಿಗಳಿಗೂ ಈ ವಿದ್ಯೆ ಬಲ್ಲವರು ಬೇಕು.

ಇವತ್ತೇ ಮಾಡಬಹುದಾದದ್ದು

ಸೀಟು ಸಿಗುವವರೆಗೆ ಕಾಯಬೇಕಿಲ್ಲ. ಮನೆಯ ಹಿರಿಯರ ಕತೆ, ಒಗಟು, ಮದುವೆ ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಬಹುದು. ಯಾರು ಹೇಳಿದ್ದು, ಯಾವ ಊರು, ಯಾವ ದಿನ ಎಂದು ಬರೆದಿಡಬೇಕು. ಅಡುಗೆ, ಬೇಸಾಯ, ನೆಂಟಸ್ತಿಕೆಯ ಪದಗಳ ಪಟ್ಟಿ ಮಾಡಬಹುದು. ಹೇಳುವವರ ಒಪ್ಪಿಗೆ ಮಾತ್ರ ಮೊದಲು ಬೇಕು. ಕೊರಗರಂಥ ಬೇರೆ ಸಮುದಾಯದ ಭಾಷೆಯಾದರೆ ಇದು ಇನ್ನೂ ಮುಖ್ಯ. ಆ ಭಾಷೆ ಅವರದು, ಏನು ದಾಖಲಾಗಬೇಕು ಎಂದು ತೀರ್ಮಾನಿಸುವವರೂ ಅವರೇ.

ಮನುಷ್ಯರ ಭಾಷೆಗಳ, ಬಣ್ಣಗಳ ವೈವಿಧ್ಯವನ್ನು ಕುರ್‌ಆನ್ ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸುತ್ತದೆ ಎಂಬುದು ಮದರಸ ಕಲಿತ ಮಕ್ಕಳಿಗೂ ಗೊತ್ತು. ಬಾಯಾರಿನಂಥ ಊರಿನಲ್ಲಿ ಆ ವೈವಿಧ್ಯ ಅಂಗಳದಲ್ಲೇ ಇದೆ. ಅಜ್ಜಿಯರು ಇರುವಾಗಲೇ ಅದನ್ನು ಕೂತು ಕೇಳುವವರು ಮನೆಗೊಬ್ಬರಾದರೂ ಬೇಕು.