ಮೂತಮ್ಮನ ಹಾಡಿನಲ್ಲಿದ್ದ ಮಾಲ್ಮಿ

ಏಪ್ರಿಲ್ ಬಂತೆಂದರೆ ನಮ್ಮ ಮದ್ರಸದಲ್ಲಿ ಹಾಜರಿ ಅರ್ಧಕ್ಕೆ ಇಳಿಯುತ್ತದೆ. ಶಾಲೆಗೆ ರಜೆ ಸಿಕ್ಕಿದ ಕೂಡಲೇ ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಬ್ಯಾರಿ ಮನೆಗಳಲ್ಲಿ ಬ್ಯಾಗು ಕಟ್ಟುವ ಗಡಿಬಿಡಿ. ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ಇಳಿದರೆ ಬೆಳಗ್ಗೆ ಊರು. ಕಳೆದ ವರ್ಷ ಹಾಗೆ ಹೋಗದೆ ಉಳಿದ ನಾಲ್ಕಾರು ಮಕ್ಕಳಿಗೆ ಪಾಠ ಮಾಡುತ್ತಾ ಕೂತಿದ್ದೆ. ಒಬ್ಬ ಹುಡುಗ ಮೊಬೈಲಿನಲ್ಲಿ ವೀಡಿಯೊ ತೋರಿಸಿದ. ಹತ್ತು ಹನ್ನೆರಡು ಗಂಡಸರು ವೃತ್ತದಲ್ಲಿ ನಿಂತು ಹಾಡು ಹೇಳುತ್ತಾ ಕೋಲಿಗೆ ಕೋಲು ಹೊಡೆಯುತ್ತಿದ್ದಾರೆ. ಹಿಂದೆ ತೆಂಗಿನ ಮರ, ಅದರ ಹಿಂದೆ ಕಡಲು. "ಉಸ್ತಾದ್, ಇದು ಗುಜರಾತಿನವರ ದಾಂಡಿಯಾ ಅಲ್ವಾ?" ಅಂತ ಕೇಳಿದ.

ನನಗೆ ಮೊದಲು ನಗು ಬಂತು. ಆಮೇಲೆ ಬೇಸರ ಆಯಿತು. ಯಾಕೆಂದರೆ ಆ ಹುಡುಗನ ಅಜ್ಜ ಊರಿನಲ್ಲಿ ಹೆಸರು ಮಾಡಿದ ಕೋಲ್ಕಲಿ ಆಟಗಾರ. ಮದುವೆ ಮನೆಗಳಲ್ಲಿ ಅವರ ತಂಡ ಬಂದರೆ ಊಟ ಬಿಟ್ಟು ಜನ ಅಂಗಳಕ್ಕೆ ಓಡುತ್ತಿದ್ದರು. ಮೊಮ್ಮಗನಿಗೆ ಆ ಆಟದ ಹೆಸರೂ ಗೊತ್ತಿಲ್ಲ. ತಪ್ಪು ಅವನದಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್. ಬ್ಯಾರಿ ಭಾಷೆ ಊರಿಂದ ಫೋನ್ ಬಂದಾಗ ಮಾತ್ರ.

ವೀಡಿಯೊ ಎಲ್ಲಿಯದು ಅಂತ ವಿಚಾರಿಸಿದೆ. ನಮ್ಮ ಮಸೀದಿಗೆ ಜುಮಾಕ್ಕೆ ಬರುವ ಒಬ್ಬ ಕಾಲೇಜು ಹುಡುಗ ಅದನ್ನು ಕಳಿಸಿದ್ದನಂತೆ. ಅವನ ಊರು ಲಕ್ಷದ್ವೀಪದ ಕಿಲ್ತಾನ್. ಕೆ.ಆರ್. ಪುರದ ಕಡೆ ರೂಮು ಮಾಡಿಕೊಂಡು ಓದುತ್ತಾನೆ. ಮುಂದಿನ ಶುಕ್ರವಾರ ಅವನನ್ನು ನಿಲ್ಲಿಸಿ ಮಾತಾಡಿಸಿದೆ. ಅವನು ತನ್ನ ಜಸರಿಯಲ್ಲಿ, ನಾನು ನನ್ನ ಬ್ಯಾರಿಯಲ್ಲಿ. ಅರ್ಧಕ್ಕಿಂತ ಹೆಚ್ಚು ಇಬ್ಬರಿಗೂ ಅರ್ಥವಾಯಿತು. ಮಾತಿನ ನಡುವೆ ಅವನು, "ನಮ್ಮ ಅಜ್ಜಂದಿರು ಮಂಗಳೂರಿನವರೇ ಅಂತ ಹೇಳಬಹುದು, ಅಕ್ಕಿ ಅಲ್ಲಿಂದಲೇ ಬರುತ್ತಿತ್ತಲ್ಲ" ಅಂದ.

ಆ ಮಾತು ತಮಾಷೆಯಲ್ಲ. ಚರಿತ್ರೆಯಲ್ಲಿ ಇರುವಂಥದ್ದೇ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನ ವಾಸ ಮಾಡುವುದು ಹತ್ತರಲ್ಲಿ ಮಾತ್ರ. ಎಲ್ಲ ಸೇರಿದರೂ ನೆಲ 32 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಸಿಕ್ಕಿದ ಲೆಕ್ಕ 64,473 ಮಂದಿ. ಇದರ ಉತ್ತರ ಭಾಗದ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳಿಗೆ ಅಮಿನ್‌ದಿವಿ ಅಂತ ಹೆಸರು. ಬಿತ್ರಾದಲ್ಲಿ ಆಗ ಇದ್ದದ್ದು 271 ಜನ. ನಮ್ಮ ಶಿವಾಜಿನಗರದ ಒಂದು ಗಲ್ಲಿಯಲ್ಲಿ ಅದಕ್ಕಿಂತ ಹೆಚ್ಚು ಮಂದಿ ಇದ್ದೇವೆ.

ಈ ದ್ವೀಪಗಳೆಲ್ಲ ಮೊದಲು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. 18ನೇ ಶತಮಾನದ ಕೊನೆಯ ಭಾಗದಲ್ಲಿ ಅಮಿನಿಯವರು ಮಂಗಳೂರಿಗೆ ಬಂದು, ತಮ್ಮ ದ್ವೀಪಗಳನ್ನು ವಹಿಸಿಕೊಳ್ಳಬೇಕು ಅಂತ ಟಿಪ್ಪು ಸುಲ್ತಾನರನ್ನು ಕೇಳಿಕೊಂಡರು. ಹಾಗೆ ಐದು ದ್ವೀಪಗಳು ಟಿಪ್ಪುವಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಯವರ ಪಾಲಾದವು, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮಂಗಳೂರಿನಿಂದಲೇ ಆಡಳಿತ ನಡೆಯಿತು. 1956ರ ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಅಮಿನ್‌ದಿವಿ ನಮ್ಮಿಂದ ಬಿಟ್ಟುಹೋಗಿ ಕೇಂದ್ರಾಡಳಿತ ಪ್ರದೇಶದ ಭಾಗವಾಯಿತು. ನಾವು ಪ್ರತಿವರ್ಷ ರಾಜ್ಯೋತ್ಸವ ಆಚರಿಸುವ ದಿನ ಅದು. ಒಂದು ಬಾಗಿಲು ತೆರೆದ ದಿನವೇ ಇನ್ನೊಂದು ಬಾಗಿಲು ಮುಚ್ಚಿತ್ತು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆಸಿಕೊಳ್ಳುತ್ತೇವೆ?

ಅಷ್ಟು ಕಾಲ ದ್ವೀಪಕ್ಕೂ ಮಂಗಳೂರಿನ ಬಂದರಿಗೂ ನಡುವೆ ಓಡಾಡುತ್ತಿದ್ದದ್ದು 'ಓಡಂ' ಎಂಬ ಹಾಯಿ ಹಡಗು. ತುಳುವಿನಲ್ಲೂ ದೋಣಿಗೆ ಓಡ ಅಂತಲೇ ಹೇಳುವುದು. ದ್ವೀಪದಲ್ಲಿ ಹೆಂಗಸರು ತೆಂಗಿನ ಸಿಪ್ಪೆಯನ್ನು ನೀರಿನಲ್ಲಿ ನೆನೆಹಾಕಿ, ಬಡಿದು, ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಗಂಡಸರು ಆ ಹುರಿ, ಕೊಬ್ಬರಿ ತುಂಬಿಕೊಂಡು ಬಂದು, ಅಕ್ಕಿ ಮತ್ತು ಮನೆಸಾಮಾನು ಹೇರಿಕೊಂಡು ಹಿಂದಿರುಗುತ್ತಿದ್ದರು. ಇದೆಲ್ಲ ಮಳೆಗಾಲ ಮುಗಿದ ಮೇಲೆ ಶುರುವಾಗಿ, ಮುಂದಿನ ಮಳೆಗಾಲದ ಮೊದಲು ಮುಗಿಯಬೇಕು. ಮೇ ತಿಂಗಳ ಮಧ್ಯ ದಾಟಿದರೆ ಕಡಲು ಮಾತು ಕೇಳುವುದಿಲ್ಲ. ಅಂದರೆ ಬೇಸಿಗೆ ಎಂಬುದು ದ್ವೀಪದವರಿಗೆ ಗಂಡಸರು ಮನೆಗೆ ಸೇರುವ, ಅಕ್ಕಿ ಬರುವ ಕಾಲ. ಕೋಲ್ಕಲಿಗೆ, ಕತ್ತಿ ಗುರಾಣಿಯ ಪರಿಚಕಲಿಗೆ, ದಫ್‌ಗೆ ಅಂಗಳ ಸಿಗುತ್ತಿದ್ದುದು ಹಾಗೆ ಎಲ್ಲರೂ ಮನೆಯಲ್ಲಿದ್ದಾಗಲೇ.

ಇಷ್ಟು ತಿಳಿದುಕೊಂಡ ಮೇಲೆ ನಡೆದ ಒಂದು ವಿಷಯ ಹೇಳಬೇಕು. ಅದಕ್ಕಾಗಿಯೇ ಈ ಲೇಖನ.

ಮೇ ಮೊದಲ ವಾರ ನನ್ನ ಉಮ್ಮನ ಅಕ್ಕ, ನಮಗೆಲ್ಲ ಮೂತಮ್ಮ, ಕಣ್ಣಿನ ಆಪರೇಷನ್‌ಗೆ ಅಂತ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದರು. ಎಂಬತ್ತು ದಾಟಿದ ಜೀವ. ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಹೊತ್ತು ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಸಣ್ಣ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಹಾಡು ಹೇಳುತ್ತಿದ್ದರು. ನಾನು ಬಾಗಿಲಾಚೆ ನಿಂತು ಕೇಳಿದೆ. ಬಂದರಿನಿಂದ ಅಕ್ಕಿ ಹೇರಿಕೊಂಡು ಹೊರಟ ಓಡದ ಕಥೆ ಅದು. ಗಾಳಿ ತಿರುಗಿದೆ, ರಾತ್ರಿಯಾಗಿದೆ, ದ್ವೀಪದಲ್ಲಿ ಒಬ್ಬಳು ದೀಪ ಇಟ್ಟುಕೊಂಡು ಕಾಯುತ್ತಿದ್ದಾಳೆ. 'ಮಾಲ್ಮಿ' ಎಂಬವನಿಗೆ ಅವಳು ನಕ್ಷತ್ರ ನೋಡು ಅಂತ ಹೇಳುತ್ತಾಳೆ. ಅಲ್ಲಿಗೆ ಮೂತಮ್ಮ ನಿಲ್ಲಿಸಿಬಿಟ್ಟರು. "ಮುಂದೆ ಏನು?" ಅಂತ ಕೇಳಿದೆ. "ಮುಂದೆ ಉಂಟು, ನನಗೆ ಮರೆತುಹೋಗಿದೆ. ನನ್ನ ಉಮ್ಮ ಪೂರ್ತಿ ಹೇಳುತ್ತಿದ್ದರು" ಅಂದರು.

ಮಾಲ್ಮಿ ಯಾರು ಅಂತ ಕೇಳಿದರೆ ಮೂತಮ್ಮನಿಗೂ ಗೊತ್ತಿಲ್ಲ. ಯಾರೋ ಒಬ್ಬರ ಹೆಸರು ಇರಬೇಕು ಅಂದರು. ನಾನೂ ಹಾಗೇ ತಿಳಿದೆ. ಶುಕ್ರವಾರ ಕಿಲ್ತಾನಿನ ಹುಡುಗನಿಗೆ ಹೇಳಿದಾಗ ಅವನು ಕಣ್ಣರಳಿಸಿದ. "ಉಸ್ತಾದ್, ಅದು ಹೆಸರಲ್ಲ. ಓಡಂ ನಡೆಸುವವನಿಗೆ, ದಾರಿ ತೋರಿಸುವವನಿಗೆ ನಮ್ಮಲ್ಲಿ ಮಾಲ್ಮಿ ಅಂತಾರೆ. ಅರಬಿಯ 'ಮುಅಲ್ಲಿಮ್' ಶಬ್ದವೇ ಅದು."

ಮುಅಲ್ಲಿಮ್ ಅಂದರೆ ಕಲಿಸುವವನು. ಇಪ್ಪತ್ತು ವರ್ಷಗಳಿಂದ ನನ್ನನ್ನು ಜನ ಕರೆಯುತ್ತಿರುವ ಹೆಸರು. ಅದೇ ಹೆಸರು ನಮ್ಮ ಮನೆಯ ಹಾಡಿನಲ್ಲಿ ಕೂತಿತ್ತು, ಅರಬಿ ಓದಿದ ನನಗೇ ಗುರುತು ಸಿಗಲಿಲ್ಲ. ಆ ಮಾಲ್ಮಿಗಳು ಸುಮ್ಮನೆ ಅಂದಾಜಿನಲ್ಲಿ ಹೋಗುವವರಲ್ಲ. 'ರಹ್ಮಾನಿ' ಎಂಬ ಕೈಬರಹದ ಪುಸ್ತಕ ಅವರ ಬಳಿ ಇರುತ್ತಿತ್ತು. ಯಾವ ನಕ್ಷತ್ರ ಎಷ್ಟು ಎತ್ತರದಲ್ಲಿದ್ದರೆ ಯಾವ ದಡ ಎಂಬ ಲೆಕ್ಕ ಅದರಲ್ಲಿ. ಕಡಲಿಗೂ ನಮ್ಮ ಹಾಡಿಗೂ ಹಳೇ ನಂಟು. ತಲಶ್ಶೇರಿಯ ಕುಂಞಾಯಿನ್ ಮುಸ್ಲಿಯಾರ್ 18ನೇ ಶತಮಾನದಲ್ಲಿ ಬರೆದ 'ಕಪ್ಪಪಾಟ್ಟ್' ಮನುಷ್ಯನ ದೇಹವನ್ನೇ ಒಂದು ಹಡಗಾಗಿ ನೋಡುತ್ತದೆ. ಅರಬಿ-ಮಲಯಾಳಂ ಲಿಪಿಯಲ್ಲಿ ಕಾಲ ತಿಳಿದಿರುವ ಅತಿ ಹಳೆಯ ಕೃತಿ 1607ರ 'ಮುಹಿಯುದ್ದೀನ್ ಮಾಲೆ'. ಇಂಥ ದೊಡ್ಡ ಕೃತಿಗಳು ಪುಸ್ತಕದಲ್ಲಿ ಉಳಿದವು. ಮೂತಮ್ಮನ ಹಾಡು ಯಾವ ಪುಸ್ತಕದಲ್ಲೂ ಇಲ್ಲ. ಅದು ಅವರ ಬಾಯಲ್ಲಿದೆ, ಅದೂ ಅರ್ಧ.

ಆ ಹುಡುಗ ಮತ್ತು ನಾನು ಕೂತು ಒಂದು ತೀರ್ಮಾನ ಮಾಡಿದೆವು. ಅವನು ಊರಿಗೆ ಹೋಗುವ ಮೊದಲು, ಮೂತಮ್ಮ ಊರಿಗೆ ಹೋಗುವ ಮೊದಲು, ಒಂದು ಸಂಜೆ ಎಲ್ಲರೂ ಸೇರುವುದು. ಬ್ಯಾನರ್ ಬೇಡ, ಮೈಕ್ ಬೇಡ, ಮುಖ್ಯ ಅತಿಥಿ ಬೇಡ. ಕೆ.ಆರ್. ಪುರದಲ್ಲಿ ಒಬ್ಬರು ತಮ್ಮ ಮನೆಯ ತಾರಸಿ ಕೊಟ್ಟರು. ಏಳು ಕುಟುಂಬ ಬಂದವು. ಕಂಟೋನ್ಮೆಂಟಿನ ಬ್ಯಾಂಬೂ ಬಜಾರಿನಿಂದ ಬಿದಿರು ತಂದು ಕೋಲು ಕತ್ತರಿಸಿಕೊಂಡೆವು.

ಎಲ್ಲರೂ ಒಪ್ಪಿದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಬ್ಬ ಯುವಕ ನೇರವಾಗಿ ಕೇಳಿದ, "ಉಸ್ತಾದರೇ, ಮಕ್ಕಳಿಗೆ ಕುರ್‌ಆನ್ ಓದಲಿಕ್ಕೇ ಸಮಯ ಇಲ್ಲ. ಇದೆಲ್ಲ ಬೇಕಾ?" ನ್ಯಾಯವಾದ ಪ್ರಶ್ನೆ. ವಾದ್ಯಗಳ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯ ಇದ್ದದ್ದೇ. ಮದುವೆಯಲ್ಲಿ, ಈದ್‌ನಲ್ಲಿ ದಫ್ ಬಾರಿಸಿದ ಪ್ರಸ್ತಾಪ ಹದೀಸಿನಲ್ಲಿದೆ. ಆದರೆ ನಾನು ಆ ಚರ್ಚೆಗೆ ಹೋಗಲಿಲ್ಲ. ಇಷ್ಟೇ ಹೇಳಿದೆ: "ಮಕ್ಕಳು ಸಮಯ ಕಳೆಯುತ್ತಿರುವುದು ಕುರ್‌ಆನಿನಲ್ಲಿ ಅಲ್ಲ, ಮೊಬೈಲಿನಲ್ಲಿ. ಅದರಲ್ಲಿ ಒಂದು ಸಂಜೆ ಅಜ್ಜಿಗೆ ಕೊಡಲಿ." ಅವನು ಪೂರ್ತಿ ಒಪ್ಪಲಿಲ್ಲ. ಆದರೆ ಬಂದ, ಕೊನೆಯವರೆಗೂ ಕೂತ.

ಅಸರ್ ನಮಾಝ್ ಮುಗಿದು ಸೇರುವಾಗ ಮೇ ತಿಂಗಳ ಮಳೆ ಹೊಡೆಯಿತು. ತಾರಸಿ ಬಿಟ್ಟು ಕೆಳಗಿನ ಹಾಲ್‌ಗೆ ಬಂದೆವು. ದಫ್‌ಗೆ ಹಾಕಿದ್ದು ಆಡಿನ ಚರ್ಮ. ತಂಡಿಗೆ ಸಡಿಲವಾಗಿ ಶಬ್ದವೇ ಏಳಲಿಲ್ಲ. ಊರಿನಲ್ಲಾದರೆ ಬೆಂಕಿ ಹಾಕಿ ಕಾಯಿಸುತ್ತಿದ್ದರು. ಇಲ್ಲಿ ಗ್ಯಾಸ್ ಒಲೆಯ ಮೇಲೆ ದೂರದಿಂದ ಹಿಡಿದು ಕಾಯಿಸಿದೆವು. ಮಕ್ಕಳಿಗೆ ಅದೇ ದೊಡ್ಡ ಆಶ್ಚರ್ಯ. ಕಿಲ್ತಾನಿನ ಹುಡುಗ ಕೋಲ್ಕಲಿಯ ಮೊದಲ ಪಾಠ ಮಾಡಿದ. ಒಬ್ಬ ಹಾಡಿನ ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನೇ ಹೇಳುತ್ತಾ ಬಲಗಡೆಯವನ ಕೋಲಿಗೆ ಒಂದು, ಎಡಗಡೆಯವನ ಕೋಲಿಗೆ ಒಂದು ಹೊಡೆಯಬೇಕು. ಹಾಡು ಬಿಸಿಯಾದಂತೆ ಹೆಜ್ಜೆಯೂ ಬಿರುಸು. ಒಬ್ಬ ತಾಳ ತಪ್ಪಿದರೆ ಪಕ್ಕದವನ ಬೆರಳಿಗೆ ಪೆಟ್ಟು. ದಾಂಡಿಯಾ ಅಂದಿದ್ದ ಹುಡುಗನಿಗೆ ಅವತ್ತು ಮೂರು ಪೆಟ್ಟು ಬಿತ್ತು.

ಒಳಗಿನ ಕೋಣೆಯಲ್ಲಿ ಹೆಂಗಸರು ಮೂತಮ್ಮನ ಸುತ್ತ ಕೂತಿದ್ದರು. ಮೈಲಾಂಜಿ ಪಾಟ್‌ನಿಂದ ಶುರುವಾಗಿ ತೊಟ್ಟಿಲ ಹಾಡಿಗೆ ಬಂತು. ಇಂದಿರಾನಗರದಿಂದ ಬಂದಿದ್ದ ಒಬ್ಬ ಸೊಸೆ, ಕಂಪ್ಯೂಟರ್ ಕಂಪೆನಿಯಲ್ಲಿ ಕೆಲಸ ಮಾಡುವ ಹುಡುಗಿ, ತನ್ನ ಅಜ್ಜಿಯ ಒಂದು ಹಾಡು ಹೇಳಿ ಅತ್ತುಬಿಟ್ಟಳಂತೆ. ಮೂತಮ್ಮನ ಅನುಮತಿ ಕೇಳಿ ನನ್ನ ದೊಡ್ಡ ಮಗಳು ಓಡದ ಹಾಡನ್ನು ರೆಕಾರ್ಡ್ ಮಾಡಿದಳು.

ಇಂಥದ್ದು ನಮ್ಮದೊಂದೇ ಕಥೆಯಲ್ಲ. ಯೂರೋಪಿನಲ್ಲಿ ಎಸ್ಟೋನಿಯಾ ದೇಶದ ಕಿಹ್ನು ಎಂಬ ಪುಟ್ಟ ದ್ವೀಪ ಉಂಟು. ಜನ ಸಾವಿರಕ್ಕಿಂತ ಕಡಿಮೆ. ಅಲ್ಲಿಯೂ ಗಂಡಸರು ಕಡಲಿಗೆ ಹೋದಾಗ ಹೊಲ, ಮನೆ, ಹಾಡು ಎಲ್ಲ ನೋಡಿಕೊಂಡವರು ಹೆಂಗಸರು. ಆ ಬದುಕಿನ ಕ್ರಮವನ್ನು ಯುನೆಸ್ಕೊ 2003ರಲ್ಲಿ ಲೋಕದ ಪರಂಪರೆಯಾಗಿ ಗುರುತಿಸಿತು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ 1981ರಿಂದ ಜಾನಪದ ಸಂಗೀತದ ಹಬ್ಬ ನಡೆಯುತ್ತಾ ಬಂದಿದೆ. ರಾತ್ರಿಯಿಡೀ ಹಡಗಿನಲ್ಲಿ ಹೋಗಬೇಕಾದ ಜಾಗ. ನಡೆಸುವವರು ಊರಿನ ಸ್ವಯಂಸೇವಕರೇ. ಹಾಡುವುದು ಹಳ್ಳಿಗಳ ಸಣ್ಣ ಸಭಾಂಗಣಗಳಲ್ಲಿ. ದೂರದ ಜಾಗ, ಸಣ್ಣ ಊರು ಎಂಬುದು ಅವರಿಗೆ ಅಡ್ಡಿಯಾಗಲಿಲ್ಲ.

ನಮ್ಮಲ್ಲೂ ಕೆಲಸ ಆಗಿಲ್ಲ ಅಂತಲ್ಲ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. 2011ರ ರಾಷ್ಟ್ರ ಪ್ರಶಸ್ತಿಯಲ್ಲಿ 'ಬ್ಯಾರಿ' ಸಿನೆಮಾಕ್ಕೆ ಅತ್ಯುತ್ತಮ ಚಿತ್ರದ ಗೌರವ ಸಿಕ್ಕಿತು. ಆದರೆ ಅಕಾಡೆಮಿ ನಮ್ಮ ಮನೆಯ ಅಡುಗೆಕೋಣೆಗೆ ಬಂದು ಅಜ್ಜಿಯ ಪಕ್ಕ ಕೂರಲು ಆಗುತ್ತದಾ? ಅದು ನಾವೇ ಮಾಡಬೇಕಾದದ್ದು. ಬೆಂಗಳೂರಿಗೆ ಬಂದ ನಾವು ಅಂಗಡಿ ಮಾಡಿದೆವು, ಹೋಟೆಲ್ ಮಾಡಿದೆವು, ಮಕ್ಕಳನ್ನು ಓದಿಸಿದೆವು. ಮನೆಯಲ್ಲಿ ಹಾಡು ಹೇಳುತ್ತಿದ್ದವರನ್ನು ಮಾತ್ರ ಊರಿನಲ್ಲೇ ಬಿಟ್ಟು ಬಂದೆವು.

ಈ ರಜೆಯಲ್ಲಿ ಊರಿಗೆ ಹೋಗುವವರಿಗೆ ಒಂದು ವಿನಂತಿ. ಹಿರಿಯರ ಹತ್ತಿರ ಹತ್ತು ನಿಮಿಷ ಕೂತು ಒಂದು ಹಾಡು ಕೇಳಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಯಾರು ಹೇಳಿದ್ದು, ಯಾರಿಂದ ಕಲಿತದ್ದು, ಯಾವ ಊರು ಅಂತ ಕೊನೆಯಲ್ಲಿ ಅವರ ಬಾಯಿಂದಲೇ ಹೇಳಿಸಿ. ಅರ್ಥವಾಗದ ಶಬ್ದ ಬಂದರೆ ಬಿಡಬೇಡಿ, ಬರೆದಿಟ್ಟುಕೊಳ್ಳಿ. ಹೆಂಗಸರ ಹಾಡನ್ನು ಅವರ ಒಪ್ಪಿಗೆ ಇಲ್ಲದೆ ಯಾವ ಗ್ರೂಪಿಗೂ ಹಾಕಬೇಡಿ. ಮನೆಯೊಳಗೆ ಇದ್ದರೂ ಅದು ಉಳಿದಂತೆಯೇ.

ಕಿಲ್ತಾನಿನ ಹುಡುಗ ಮಳೆಗಾಲಕ್ಕೆ ಮೊದಲು ಕೊಚ್ಚಿಯಿಂದ ಹಡಗು ಹತ್ತಿದ. ನಮ್ಮ ರೆಕಾರ್ಡಿಂಗನ್ನು, ಮೂತಮ್ಮ ಒಪ್ಪಿದ ಮೇಲೆ, ಅವನ ಅಜ್ಜಿಗೆ ಕೇಳಿಸಲು ಕೊಟ್ಟಿದ್ದೆ. ಜೂನ್‌ನಲ್ಲಿ ಒಂದು ದಿನ ಅವನಿಂದ ಧ್ವನಿ ಸಂದೇಶ ಬಂತು. ಅವನ ಅಜ್ಜಿಯ ಸ್ವರ. ಮೂತಮ್ಮ ನಿಲ್ಲಿಸಿದ ಜಾಗದಿಂದ ಮುಂದಿನ ಎರಡು ನುಡಿ. ಮಾಲ್ಮಿ ನಕ್ಷತ್ರ ಹಿಡಿದು ಓಡವನ್ನು ದಡಕ್ಕೆ ತರುತ್ತಾನೆ.

ಕೂಡಲೇ ಊರಿಗೆ ಫೋನ್ ಮಾಡಿ ಮೂತಮ್ಮನಿಗೆ ಕೇಳಿಸಿದೆ. ಎರಡು ಸಲ ಕೇಳಿದರು. ಆಮೇಲೆ, "ಮಾತು ಸರಿ ಉಂಟು. ಆದರೆ ರಾಗ ಹಾಗಲ್ಲ" ಅಂತ ಹೇಳಿ, ತಾವೇ ಮೊದಲಿನಿಂದ ಕೊನೆಯವರೆಗೆ ಹಾಡಿದರು. ಈ ಸಲ ನಾನು ರೆಕಾರ್ಡ್ ಒತ್ತಲು ಮರೆಯಲಿಲ್ಲ.