ನಡುವಯಸ್ಸಿನಲ್ಲಿ ಗರಡಿಯ ಸಾಮು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಕ್ಕಳ ನಡೆನುಡಿಯನ್ನು ಕುರಿತು ಹಿರಿಯರು ಆಡಿದ ಈ ಮಾತನ್ನು ನಾವು ನಮ್ಮ ಮೈಗೂ ಅನ್ವಯಿಸಿಕೊಂಡು ನೆಮ್ಮದಿಯಾಗಿ ಕುಳಿತಿದ್ದೇವೆ. ಮೂವತ್ತೈದು ದಾಟಿದ ಗುಮಾಸ್ತರೋ, ಉಪಾಧ್ಯಾಯರೋ, ಅಂಗಡಿಯ ಯಜಮಾನರೋ ಒಂದು ಬೆಳಿಗ್ಗೆ 'ಗರಡಿಗೆ ಹೋಗಿ ಸಾಮು ಕಲಿಯುತ್ತೇನೆ' ಎಂದರೆ ಮನೆಯವರು ನಗುತ್ತಾರೆ. ನೆರೆಯವರು ಮೂಳೆ ಮುರಿದೀತೆಂದು ಹೆದರಿಸುತ್ತಾರೆ. ನಗೆಯನ್ನು ಕಡೆಗಣಿಸಬಹುದು, ಹೆದರಿಕೆಯನ್ನು ಹಾಗೆ ತಳ್ಳಿಹಾಕುವಂತಿಲ್ಲ. ಈ ವಯಸ್ಸಿನಲ್ಲಿ ಕಲಿಯಹೊರಟು ಪೆಟ್ಟು ತಿಂದು ಹಿಂದಿರುಗುವವರೂ ಉಂಟು. ಅವರ ಪೆಟ್ಟಿಗೆ ಬಹುಮಟ್ಟಿಗೆ ಕಾರಣ ವಯಸ್ಸಲ್ಲ, ಆತುರ. ಗರಡಿಯ ಹಳೆಯ ಕ್ರಮವನ್ನು ಹಾರಿ ಮುಂದೆ ಹೋಗುವ ಆತುರ.

ಆ ಕ್ರಮ ಯಾವುದು, ಅದರ ಹಿಂದಿನ ಕಾರಣವೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಗರಡಿಯ ನೆಲ

ಗರಡಿಮನೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದೆ. ಅದರಲ್ಲಿ ಮಲ್ಲರ ಆಹಾರ, ಅಭ್ಯಾಸ, ಪಟ್ಟುಗಳ ವಿವರವಲ್ಲದೆ ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಅವರನ್ನು ಬೇರೆ ಬೇರೆ ವರ್ಗಗಳಾಗಿ ವಿಂಗಡಿಸುವ ವಿಚಾರವೂ ಇದೆ. ಎಲ್ಲರಿಗೂ ಒಂದೇ ಅಳತೆಯ ಸಾಮು ಸಲ್ಲದೆಂಬುದನ್ನು ಒಂಬೈನೂರು ವರ್ಷಗಳ ಹಿಂದೆಯೇ ನಮ್ಮವರು ತಿಳಿದಿದ್ದರು. ಮೈಸೂರಿನ ದಸರಾ ಕುಸ್ತಿ, ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇವು ಇಂದಿಗೂ ಉಳಿದುಬಂದಿವೆ.

ಹಳೆಯ ಗರಡಿಯ ಒಳಗೆ ಹೋದರೆ ನಿಮಗೆ ಮೊದಲು ಕಾಣುವುದು ಆಂಜನೇಯನ ಪಟ ಅಥವಾ ವಿಗ್ರಹ. ಆಮೇಲೆ ಗೋಡೆಗೆ ಒರಗಿಸಿದ ಗದೆ, ಮರದ ಕರೇಲ, ಕಲ್ಲುಗುಂಡು. ನಡುವೆ ಕೆಮ್ಮಣ್ಣಿನ ಮಟ್ಟಿ. ಈ ಮಣ್ಣು ಬೀದಿಯ ಮಣ್ಣಲ್ಲ. ಅದನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ ಮೊದಲಾದವನ್ನು ಬೆರೆಸಿ, ದಿನವೂ ಅಗೆದು ಮೃದುವಾಗಿಟ್ಟಿರುತ್ತಾರೆ. ಹೊಸಬನಿಗೆ ಉಸ್ತಾದರು ಮೊದಲು ಹೇಳುವ ಕೆಲಸವೂ ಅನೇಕ ಕಡೆ ಅದೇ: ಗುದ್ದಲಿ ಹಿಡಿದು ಮಣ್ಣು ಅಗೆ. 'ಕುಸ್ತಿ ಕಲಿಯಲು ಬಂದವನಿಗೆ ಕೂಲಿಯ ಕೆಲಸವೇ?' ಎಂದು ನೀವು ಬೇಸರಪಡಬೇಡಿ. ಮಣ್ಣು ಅಗೆಯುವಾಗ ಸೊಂಟ ಬಾಗುತ್ತದೆ, ಕಾಲು ಊರುತ್ತದೆ, ಹಿಡಿ ಬಿಗಿಯಾಗುತ್ತದೆ, ಉಸಿರು ಬಿಸಿಯಾಗುತ್ತದೆ. ಮೈಯನ್ನು ಕಾಯಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅಗೆದು ಸಡಿಲಮಾಡಿದ ಆ ಮಣ್ಣೇ ಮುಂದೆ ನೀವು ಬಿದ್ದಾಗ ನಿಮ್ಮ ಬೆನ್ನನ್ನು ಕಾಯುತ್ತದೆ.

ಮೈಯೊಳಗೆ ನಡೆಯುವುದೇನು?

ಮೂವತ್ತು ದಾಟಿದ ಮೇಲೆ, ವ್ಯಾಯಾಮವಿಲ್ಲದವರ ಮಾಂಸಖಂಡಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪಸ್ವಲ್ಪವಾಗಿ ಕ್ಷೀಣಿಸುತ್ತವೆ. ಅರುವತ್ತರ ನಂತರ ಈ ಇಳಿತ ಇನ್ನೂ ಬೇಗ. ಆದರೆ ಇಳಿದದ್ದು ಮತ್ತೆ ಏರುವುದಿಲ್ಲವೆಂದು ಭಾವಿಸಬೇಕಾಗಿಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ, ವೃದ್ಧರ ಆರೈಕೆಯ ಮನೆಯಲ್ಲಿದ್ದ ಸುಮಾರು ತೊಂಬತ್ತು ವರ್ಷ ವಯಸ್ಸಿನ ಹತ್ತು ಮಂದಿಗೆ ಎಂಟು ವಾರಗಳ ಕಾಲ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಕೊನೆಯವರೆಗೂ ಅಭ್ಯಾಸ ಮಾಡಿದವರ ತೊಡೆಯ ಬಲ ಮೊದಲಿದ್ದುದರ ಎರಡೂವರೆ ಪಟ್ಟಿಗೂ ಮೀರಿ ಬೆಳೆಯಿತು. ತೊಂಬತ್ತರ ಮರವೇ ಹೀಗೆ ಬಗ್ಗಿದ ಮೇಲೆ ನಲವತ್ತರ ಮರ ಬಗ್ಗದೆಂದು ಹೇಳುವುದು ಹೇಗೆ?

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಅಭ್ಯಾಸ ಶುರುವಾದ ಮೊದಲ ಕೆಲವು ವಾರಗಳಲ್ಲಿ ಬರುವ ಬಲ ಮುಖ್ಯವಾಗಿ ನರಗಳದು. ಇರುವ ಮಾಂಸಖಂಡವನ್ನೇ ಮೈ ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುತ್ತದೆ. ಮಾಂಸಖಂಡ ಬೆಳೆಯುವುದು ಅದಾದ ಮೇಲೆ. ಮಾಂಸಖಂಡವನ್ನು ಎಲುಬಿಗೆ ಕಟ್ಟಿರುವ ನಾರುಗಳು ಗಟ್ಟಿಯಾಗುವುದಂತೂ ಎಲ್ಲಕ್ಕಿಂತ ನಿಧಾನ. ಅದಕ್ಕೆ ತಿಂಗಳುಗಳು ಬೇಕು. ಎರಡನೆಯ ತಿಂಗಳಲ್ಲಿ ನಿಮಗೆ 'ಇನ್ನಷ್ಟು ಮಾಡಬಲ್ಲೆ' ಎನ್ನಿಸುತ್ತದೆ. ತೋಳು ಹೌದೆನ್ನುತ್ತದೆ, ಭುಜದ ಕೀಲು ಮಾತ್ರ ಇನ್ನೂ ಸಿದ್ಧವಾಗಿರುವುದಿಲ್ಲ. ತಡವಾಗಿ ಕಲಿಯಲು ಬಂದವರು ಪೆಟ್ಟು ತಿನ್ನುವುದು ಹೆಚ್ಚಾಗಿ ಈ ಹೊತ್ತಿನಲ್ಲಿಯೇ. ಆದ್ದರಿಂದ ಹೊಸಬನನ್ನು ತಿಂಗಳುಗಟ್ಟಲೆ ದಂಡೆ, ಬಸ್ಕಿಗಳಲ್ಲೇ ನಿಲ್ಲಿಸುವ ಉಸ್ತಾದರ ಪದ್ಧತಿಯನ್ನು ಹಠವೆಂದು ತಿಳಿಯದೆ ವಿವೇಕವೆಂದು ತಿಳಿಯಬೇಕು.

ದಂಡೆ, ಬಸ್ಕಿ ಮತ್ತು ಲೆಕ್ಕ

ದಂಡೆ ಹೊಡೆಯುವಾಗ ಕೈಕಾಲುಗಳನ್ನು ನೆಲಕ್ಕೂರಿ, ಸೊಂಟವನ್ನು ಮೇಲೆತ್ತಿ, ಎದೆಯನ್ನು ಅಂಗೈಗಳ ನಡುವೆ ನೆಲಕ್ಕೆ ಸವರಿದಂತೆ ಮುಂದಕ್ಕೆ ತಂದು ತಲೆಯೆತ್ತಬೇಕು. ತೋಳು, ಎದೆ, ಬೆನ್ನು, ಸೊಂಟ ಎಲ್ಲವೂ ಒಂದೇ ಅಲೆಯಲ್ಲಿ ದುಡಿಯುತ್ತವೆ. ಬಸ್ಕಿಯನ್ನು ನಾವೆಲ್ಲ ಶಾಲೆಯಲ್ಲಿ ಶಿಕ್ಷೆಯಾಗಿ ಕಂಡವರು. ಗರಡಿಯಲ್ಲಿ ಅದು ಕಾಲಿಗೂ ಉಸಿರಿಗೂ ಒಟ್ಟಿಗೇ ಸಲ್ಲುವ ಸಾಮು. ಮಂಡಿ ನೋಯುವವರು ಪೂರ್ತಿ ಕೂರದೆ, ಕಂಬವನ್ನೋ ಕುರ್ಚಿಯ ಬೆನ್ನನ್ನೋ ಹಿಡಿದು ಅರ್ಧ ಬಸ್ಕಿ ಮಾಡಬಹುದು. ದಂಡೆ ಕಷ್ಟವಾದವರು ಮೊದಲು ಗೋಡೆಗೆ, ಆಮೇಲೆ ಗಟ್ಟಿಯಾದ ಮೇಜಿಗೆ ಕೈಯೂರಿ ಪ್ರಾರಂಭಿಸಬಹುದು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಎಷ್ಟು ಮಾಡಬೇಕು? ಇಲ್ಲಿಯೇ ಗಂಡಾಂತರವಿರುವುದು. ಪೈಲ್ವಾನರ ಕಥೆಗಳಲ್ಲಿ ಲೆಕ್ಕವೆಲ್ಲ ಸಾವಿರದಿಂದ ಮೇಲೆ. ಗಾಮಾ ಪೈಲ್ವಾನರು 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಝ್ಬಿಸ್ಕೊ ಅವರೊಡನೆ ಎರಡೂವರೆ ಗಂಟೆಗೂ ಹೆಚ್ಚು ಕಾಲ ಸೆಣಸಿದರು. 1928ರಲ್ಲಿ ಪಟಿಯಾಲದಲ್ಲಿ, ಐವತ್ತರ ಹತ್ತಿರದಲ್ಲಿದ್ದಾಗ, ಅದೇ ಎದುರಾಳಿಯನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದರು. ಅವರ ದಿನದ ದಂಡೆ ಬಸ್ಕಿಗಳ ಲೆಕ್ಕವನ್ನು ಜನ ಈಗಲೂ ಬೆರಗಿನಿಂದ ಹೇಳುತ್ತಾರೆ. ಆದರೆ ಗಾಮಾ ಮಟ್ಟಿಗೆ ಇಳಿದದ್ದು ಬಾಲ್ಯದಲ್ಲಿ. ಅವರ ಲೆಕ್ಕಕ್ಕೆ ನಾಲ್ಕು ದಶಕಗಳ ಬುನಾದಿಯಿತ್ತು. ಆ ಬುನಾದಿ ನಮಗಿಲ್ಲ.

ಪಂದ್ಯ ಕಟ್ಟಿಯೋ ಹುಮ್ಮಸ್ಸಿನಿಂದಲೋ ಮೊದಲ ದಿನವೇ ನೂರಾರು ಬಸ್ಕಿ ಹೊಡೆದರೆ ಮಾಂಸಖಂಡದ ಎಳೆಗಳು ಒಡೆದು, ಅವುಗಳೊಳಗಿನ ದ್ರವ್ಯ ರಕ್ತಕ್ಕೆ ಸೇರಿ, ಮೂತ್ರಪಿಂಡಗಳಿಗೆ ಅಪಾಯವಾಗುವುದುಂಟು. ಸಾಮು ಮಾಡಿದ ಒಂದೆರಡು ದಿನದೊಳಗೆ ವಿಪರೀತ ನೋವು, ಊತ, ನಿಶ್ಶಕ್ತಿ ಕಂಡು, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತ ಕೂರಬಾರದು. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಸಾಮಾನ್ಯವಾದ ಮೈಕೈ ನೋವು ಬೇರೆ. ಅದು ಮಾರನೆಯ ದಿನ ಕಾಣಿಸಿ, ಎರಡು ಮೂರು ದಿನ ಇದ್ದು, ತಾನಾಗಿ ಇಳಿಯುತ್ತದೆ.

ಮೊದಲ ವಾರ ಐದು ದಂಡೆ, ಹತ್ತು ಬಸ್ಕಿ. ದಣಿವಾರಿಸಿಕೊಂಡು ಇನ್ನೊಂದು ಸುತ್ತು. ಇಷ್ಟು ಧಾರಾಳವಾಯಿತು. ಒಂದು ದಿನ ಸಾಮು, ಮಾರನೆಯ ದಿನ ನಡಿಗೆ. ವಾರಕ್ಕೊಮ್ಮೆ ಒಂದೆರಡು ಹೆಚ್ಚಿಸಿಕೊಳ್ಳಿ. ಸಾಮು ಮಾಡಿದ ಮರುದಿನ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯಬೇಕಾಗಿ ಬಂದರೆ ಲೆಕ್ಕ ಹೆಚ್ಚಾಯಿತೆಂದು ತಿಳಿಯಿರಿ. ಉಸಿರನ್ನು ಎಂದೂ ಬಿಗಿಹಿಡಿಯಬೇಡಿ. ಭಾರ ಎತ್ತುವಾಗ ಉಸಿರು ಕಟ್ಟಿದರೆ ರಕ್ತದ ಒತ್ತಡ ತಟ್ಟನೆ ಏರುತ್ತದೆ. ಗದೆ, ಕರೇಲಗಳನ್ನು ಮೂರು ನಾಲ್ಕು ತಿಂಗಳು ಕಳೆದ ಮೇಲೆ, ಹಗುರವಾದುದರಿಂದ ಪ್ರಾರಂಭಿಸಿ, ಉಸ್ತಾದರ ಕಣ್ಣೆದುರಿನಲ್ಲಿ ಮಾತ್ರ ತಿರುಗಿಸಬೇಕು.

ಬೀಳುವ ವಿದ್ಯೆ

ಸಾಮಿನ ನಂತರ ಕಲಿಯಬೇಕಾದದ್ದು ಎದುರಾಳಿಯನ್ನು ಬೀಳಿಸುವುದನ್ನಲ್ಲ, ತಾನು ಬೀಳುವುದನ್ನು. ಈ ಮಾತನ್ನು ಬಹಳ ಸ್ಪಷ್ಟವಾಗಿ ಶಾಸ್ತ್ರಕ್ಕೆ ತಂದದ್ದು ಜಪಾನಿನ ಜೂಡೊ. ಜಿಗೊರೊ ಕಾನೊ ಎಂಬ ಉಪಾಧ್ಯಾಯರು 1882ರಲ್ಲಿ ಟೋಕಿಯೋದಲ್ಲಿ ಸ್ಥಾಪಿಸಿದ ಈ ವಿದ್ಯೆ 1964ರಲ್ಲಿ ಒಲಿಂಪಿಕ್ ಕ್ರೀಡೆಗಳನ್ನು ಸೇರಿತು. ಅಲ್ಲಿ ಹೊಸಬರಿಗೆ ಮೊದಲ ಪಾಠವೇ ಬೀಳುವುದು: ಗದ್ದವನ್ನು ಎದೆಗೆ ಒತ್ತಿಕೊಳ್ಳುವುದು, ಬೆನ್ನನ್ನು ಬಿಲ್ಲಿನಂತೆ ಬಾಗಿಸುವುದು, ತೋಳನ್ನು ಚಾಚಿ ಅಂಗೈಯಿಂದ ಚಾಪೆಯನ್ನು ಹೊಡೆದು ಪೆಟ್ಟನ್ನು ಹಂಚಿಬಿಡುವುದು. ಬೀಳುವವನು ಸಹಜವಾಗಿ ಕೈಯೂರಲು ಹೋಗುತ್ತಾನೆ. ಮಣಿಕಟ್ಟು ಮುರಿಯುವುದು ಬಹುಪಾಲು ಹೀಗೆಯೇ. ಆ ಅಭ್ಯಾಸವನ್ನು ಬಿಡಿಸುವುದೇ ಈ ಪಾಠದ ಗುರಿ. ಮೊದಲು ಕುಳಿತು, ಆಮೇಲೆ ಕುಕ್ಕರುಗಾಲಿನಿಂದ, ಕೊನೆಗೆ ನಿಂತು, ಹೀಗೆ ಹಂತಹಂತವಾಗಿ ಮೆತ್ತನೆಯ ನೆಲದ ಮೇಲೆ ಕಲಿಯಬೇಕು. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಆದ್ದರಿಂದ ಪೈಲ್ವಾನನು ಗಾಳಿಯಲ್ಲಿಯೇ ಮೈಹೊರಳಿಸುವುದನ್ನು ಕಲಿಯುತ್ತಾನೆ. ಪಂದ್ಯಕ್ಕಿಳಿಯದ ನಿಮಗೆ ಬೆನ್ನುಳಿಸಿಕೊಳ್ಳುವುದಕ್ಕಿಂತ ತಲೆ, ಮಣಿಕಟ್ಟು ಉಳಿಸಿಕೊಳ್ಳುವುದು ಮುಖ್ಯ.

ಇದರ ಪ್ರಯೋಜನ ಗರಡಿಯ ಹೊರಗೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ಬೀಳುವುದು ಜಗತ್ತಿನಲ್ಲಿ ಎರಡನೆಯ ದೊಡ್ಡ ಕಾರಣ. ಬಚ್ಚಲಿನಲ್ಲಿ, ಮಳೆಗಾಲದ ಅಂಗಳದಲ್ಲಿ ಜಾರಿಬಿದ್ದ ಹಿರಿಯರು ಹಾಸಿಗೆ ಹಿಡಿದದ್ದನ್ನು ಕಾಣದ ಮನೆ ಅಪರೂಪ. ಅರುವತ್ತು ದಾಟಿದವರನ್ನು ಕುರಿತ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ವ್ಯಾಯಾಮ ಮಾಡುವವರು ಬೀಳುವುದು ನೂರಕ್ಕೆ 23ರಷ್ಟು ಕಡಿಮೆಯೆಂದು ಕಂಡುಬಂದಿದೆ. ತೊಡೆಯ ಬಲ, ಕಾಲಿನ ಸಮತೋಲ ಇವೆರಡನ್ನೂ ಕೊಡುವುದು ನಮ್ಮ ಬಡ ಬಸ್ಕಿಯೇ.

ಪಟ್ಟು ಮತ್ತು ಮೀಸೆ

ಈಗ ಪಟ್ಟಿನ ಮಾತು. ಹುಡುಗರು ನೋಡಿ ಅನುಕರಿಸಿ ಕಲಿಯುತ್ತಾರೆ. ದೊಡ್ಡವರು ಕಾರಣ ತಿಳಿದರೆ ಬೇಗ ಕಲಿಯುತ್ತಾರೆ. ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ, ಅವನ ಸೊಂಟಕ್ಕಿಂತ ನಿಮ್ಮ ಸೊಂಟ ಕೆಳಗಿದೆಯೇ ಎಂಬ ಎರಡು ಪ್ರಶ್ನೆಗಳಲ್ಲಿ ಅರ್ಧ ಕುಸ್ತಿ ಅಡಗಿದೆ. ಒಂದು ತಿಂಗಳಿಗೆ ಒಂದೆರಡು ಪಟ್ಟು ಸಾಕು. ಎದುರಾಳಿ ಬಿಟ್ಟುಕೊಡುತ್ತಿರುವಾಗ ನಿಧಾನವಾಗಿ ನೂರು ಸಲ ಮಾಡಿದ ಪಟ್ಟು ಮಾತ್ರವೇ ಅವನು ಬಿಡದಿರುವಾಗ ಕೈಗೆ ಬರುತ್ತದೆ.

ಜೋಡಿಯನ್ನು ಆರಿಸುವುದೂ ಒಂದು ವಿದ್ಯೆ. ಇಪ್ಪತ್ತರ ಬಿಸಿರಕ್ತದವನೊಡನೆ ಪಂತಕ್ಕೆ ಬೀಳಬೇಡಿ. ನಿಮ್ಮ ತೂಕಕ್ಕೆ ಸರಿಯಾದ, ನಿಮಗಿಂತ ಹೆಚ್ಚು ಬಲ್ಲ, ಸಮಾಧಾನದ ಮನುಷ್ಯನನ್ನು ಉಸ್ತಾದರಿಂದ ಕೇಳಿ ಪಡೆಯಿರಿ. ಕುತ್ತಿಗೆಗೋ ಬೆರಳಿಗೋ ನೋವಾದೊಡನೆ 'ಸಾಕು' ಎನ್ನುವುದನ್ನು, ಇನ್ನೊಬ್ಬರು ಹಾಗೆಂದೊಡನೆ ಬಿಡುವುದನ್ನು ಮೊದಲ ದಿನವೇ ರೂಢಿಸಿಕೊಳ್ಳಿ. 'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆ ಸೋತರೂ ಒಪ್ಪದವನನ್ನು ಕುರಿತದ್ದು. ಕಚೇರಿಯಲ್ಲಿ ಹತ್ತು ಜನರಿಗೆ ಹೇಳುವ ಸ್ಥಾನದಲ್ಲಿರುವವರಿಗೆ ಮೊಮ್ಮಗನ ವಯಸ್ಸಿನ ಹುಡುಗನ ಕೈಯಲ್ಲಿ ಮಣ್ಣು ಮುಕ್ಕುವುದು ಸುಲಭವಲ್ಲ. ಆದರೆ ಮೀಸೆಯನ್ನು ಮಣ್ಣಾಗಿಸಿಕೊಳ್ಳಲು ಒಪ್ಪಿದವನೇ ಕಲಿಯುವನು. ಒಪ್ಪದವನು ಬಿಗಿದುಕೊಂಡು ಬೀಳುತ್ತಾನೆ, ಬಿಗಿದುಕೊಂಡು ಬಿದ್ದವನಿಗೇ ಪೆಟ್ಟು ಹೆಚ್ಚು.

ಕೆಲವು ಎಚ್ಚರಿಕೆಗಳು

ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕು. ಸಾಮಿನ ನಡುವೆ ಎದೆನೋವು, ತಲೆಸುತ್ತು, ಎಂದೂ ಇಲ್ಲದ ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಕುಸ್ತಿಯಿಂದ ಚರ್ಮಕ್ಕೆ ಹುಳುಕಡ್ಡಿ ಅಂಟುವುದುಂಟು. ಮುಗಿದೊಡನೆ ಸೋಪು ಹಚ್ಚಿ ಸ್ನಾನ ಮಾಡಿ, ಲಂಗೋಟಿಯನ್ನು ದಿನವೂ ಒಗೆದು ಬಿಸಿಲಿಗೆ ಹಾಕಿ. ಕಿವಿ ಉಜ್ಜಿ ಊದಿಕೊಂಡರೆ ಕೂಡಲೇ ವೈದ್ಯರಿಗೆ ತೋರಿಸಿ. ತಡಮಾಡಿದರೆ ಅದು ಹಾಗೆಯೇ ಗಂಟುಕಟ್ಟಿ ಉಳಿಯುತ್ತದೆ.

ಊಟದ ವಿಷಯದಲ್ಲಿಯೂ ಪೈಲ್ವಾನರನ್ನು ಅನುಕರಿಸುವುದು ಬೇಡ. ಸೇರುಗಟ್ಟಲೆ ಹಾಲು, ತುಪ್ಪ, ಬಾದಾಮಿ ದಿನವಿಡೀ ದುಡಿಯುವ ಮೈಗೆ; ದಿನಕ್ಕೆ ಮುಕ್ಕಾಲು ಗಂಟೆ ಸಾಮು ಮಾಡಿ ಉಳಿದ ಹೊತ್ತು ಕುರ್ಚಿಯಲ್ಲಿ ಕೂರುವವರಿಗೆ ಅದು ಹೊಟ್ಟೆಯ ಸುತ್ತಳತೆಯನ್ನು ಮಾತ್ರ ಬೆಳೆಸೀತು. ಮುದ್ದೆಯೊಡನೆ ಹುರುಳಿಯ ಸಾರು, ಮೊಳಕೆ ಬಂದ ಹೆಸರುಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಇವು ಸಾಕು.

ಗೃಹಿಣಿಯರು ಇದನ್ನು ಓದಿ 'ಇದು ಗಂಡಸರ ಮಾತು' ಎಂದು ಪುಟ ತಿರುಗಿಸಬಾರದು. ಹಿಂದೆ ಗರಡಿಯ ಬಾಗಿಲು ಹೆಂಗಸರಿಗೆ ಮುಚ್ಚಿತ್ತೆಂಬುದು ನಿಜ. ಒಲಿಂಪಿಕ್ಸಿನಲ್ಲಿ 2004ರಿಂದ ಮಹಿಳೆಯರ ಕುಸ್ತಿಯೂ ಇದೆ. 2016ರಲ್ಲಿ ರಿಯೋ ನಗರದಲ್ಲಿ ಸಾಕ್ಷಿ ಮಲಿಕ್ ನಮ್ಮ ದೇಶಕ್ಕೆ ಕಂಚಿನ ಪದಕ ತಂದರು. ವಯಸ್ಸಾದಂತೆ ಮೂಳೆ ಟೊಳ್ಳಾಗುವುದು ಹೆಂಗಸರಲ್ಲೇ ಹೆಚ್ಚಾದ್ದರಿಂದ ಸಾಮಿನ ಅಗತ್ಯ ಅವರಿಗೇ ಒಂದು ತೂಕ ಹೆಚ್ಚು. ಹತ್ತಿರದಲ್ಲಿ ಗರಡಿಯಿಲ್ಲದವರು ಜೂಡೊ, ಕರಾಟೆಗಳ ತರಗತಿಗೆ ಸೇರಿದರೂ ಇಲ್ಲಿ ಹೇಳಿದ ಕ್ರಮವೇ ಅನ್ವಯಿಸುತ್ತದೆ.

ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮೈ ಬೆಚ್ಚಗಾಗುವಂಥ ಚಟುವಟಿಕೆಯನ್ನೂ, ಎರಡು ದಿನವಾದರೂ ಬಲ ಬೆಳೆಸುವ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ವಾರಕ್ಕೆ ಮೂರು ಬೆಳಿಗ್ಗೆ ಗರಡಿ, ಉಳಿದ ದಿನ ಅರ್ಧ ಗಂಟೆ ನಡಿಗೆ ಎಂದಿಟ್ಟುಕೊಂಡರೆ ಇದಕ್ಕೆ ಸರಿಹೋಗುತ್ತದೆ. ಮನೆಗೆ ಬಂದು ಸ್ನಾನ ಮುಗಿಸುವ ಹೊತ್ತಿಗೆ ರೇಡಿಯೋದಲ್ಲಿ ಬೆಳಗಿನ ವಾರ್ತೆಯೂ ಸಿಗುತ್ತದೆ.

ಗರಡಿಗೆ ಸೇರುವ ಮುನ್ನ ಒಂದು ದಿನ ಸುಮ್ಮನೆ ಹೋಗಿ ಕುಳಿತು ನೋಡಿ. ಉಸ್ತಾದರು ಹೊಸಬರನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಬಿದ್ದವನನ್ನು ನೋಡಿ ಉಳಿದವರು ನಗುತ್ತಾರೋ ಕೈಕೊಟ್ಟು ಎಬ್ಬಿಸುತ್ತಾರೋ ಎಂಬುದನ್ನು ಗಮನಿಸಿ. ಅದೇ ಸಂಜೆ ಮನೆಯಲ್ಲಿ ನೆಲದ ಮೇಲೆ ಕುಳಿತು, ಕೈಯೂರದೆ ಎದ್ದು ನಿಲ್ಲಲು ಪ್ರಯತ್ನಿಸಿ. ಆಗುತ್ತದೆಯೋ ಇಲ್ಲವೋ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆರು ತಿಂಗಳ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ನಡುವಯಸ್ಸಿನ ಪೈಲ್ವಾನನಿಗೆ ಬೇಕಾದ ಪಂದ್ಯ ಇದೊಂದೇ.